ಮೊದಲು ಊರು, ಆಮೇಲೆ ಹೆಸರು

ಅಮೆರಿಕದ ಹಳೇ ಮನೆತನಗಳನ್ನು ಹುಡುಕುವ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಒಂದಿಷ್ಟು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು 1800ರಿಂದ 1900ರ ನಡುವಿನ ಕಾಲದ್ದೇ. ಎಳೆ ತಪ್ಪಿಹೋಗುವುದೂ ಅಲ್ಲೇ ಜಾಸ್ತಿ. ನಾನು ಒಹಾಯೋದ ಗ್ರಂಥಾಲಯವೊಂದರ ವಂಶಾವಳಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮೇಜಿನ ಮುಂದೆ ಬಂದು ಕೂರುವವರು ಕೇಳುವುದೂ ಇವೇ ಪ್ರಶ್ನೆಗಳನ್ನು. ಈ ಸಲ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಸೊಸೆ ಅಮೆರಿಕದವಳು. ಮೊಮ್ಮಗನಿಗೆ ಅವನ ಅಮ್ಮನ ಕಡೆಯ ವಂಶವೃಕ್ಷ ಬರೆದುಕೊಡಬೇಕು ಅಂತ ಆಸೆ. ಅವರದು ಮಿಲ್ಲರ್ ಮನೆತನ. 1850ರ ಸುಮಾರಿಗೆ ಜರ್ಮನಿಯಿಂದ ಒಹಾಯೋಗೆ ಬಂದರು, ಬಂದವರ ಹೆಸರು ಜಾನ್. ಇಷ್ಟೇ ಗೊತ್ತಿರುವುದು. ಜಾನ್ ಮಿಲ್ಲರ್ ಎಂದು ಹುಡುಕಿದರೆ ಲೆಕ್ಕವಿಲ್ಲದಷ್ಟು ಜನ ಬರುತ್ತಾರೆ. ನಮ್ಮವರು ಯಾರು ಅಂತ ತಿಳಿಯುವುದು ಹೇಗೆ?
— ಮೊಮ್ಮಗನ ಅಜ್ಜಿ

ಉತ್ತರ: ಹೆಸರು ಕೊಟ್ಟು ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿಬಿಡಿ. ಆ ಕಾಲದ ಒಹಾಯೋದಲ್ಲಿ ಜಾನ್ ಮಿಲ್ಲರ್ ಎಂಬ ಹೆಸರಿನವರು ಬೇಕಾದಷ್ಟು ಮಂದಿ ಇದ್ದರು. ಸಾಲದ್ದಕ್ಕೆ, ಎಷ್ಟೋ ಜರ್ಮನ್ ಮನೆಗಳಲ್ಲಿ ಅಣ್ಣತಮ್ಮಂದಿರಿಗೆಲ್ಲ ಚರ್ಚಿನಲ್ಲಿ ಯೋಹಾನ್ (ಇಂಗ್ಲಿಷಿನಲ್ಲಿ ಜಾನ್) ಎಂದೇ ಮೊದಲ ಹೆಸರು ಇಟ್ಟು, ಎರಡನೇ ಹೆಸರಿನಿಂದ ಕರೆಯುತ್ತಿದ್ದರು. ಹಾಗಾಗಿ ಒಬ್ಬರೇ ಮನುಷ್ಯ ಒಂದು ಕಾಗದದಲ್ಲಿ ಜಾನ್, ಇನ್ನೊಂದರಲ್ಲಿ ಹೆನ್ರಿ ಆಗಿರಬಹುದು. ನೀವು ಹಿಡಿಯಬೇಕಾದದ್ದು ಊರನ್ನು. ಅಂದರೆ ಕೌಂಟಿಯನ್ನು, ನಮ್ಮ ಜಿಲ್ಲೆಯ ಹಾಗೆ ರಾಜ್ಯದೊಳಗಿನ ಒಂದು ಆಡಳಿತ ಭಾಗ. ಅಮೆರಿಕದಲ್ಲಿ ಮದುವೆ, ಜಮೀನು, ವಿಲ್ಲು, ತೆರಿಗೆ ಹೀಗೆ ಬಹಳಷ್ಟು ಕಾಗದ ಕೌಂಟಿ ಕಚೇರಿಯಲ್ಲೇ ಇರುತ್ತಿತ್ತು. ಕೌಂಟಿ ಗೊತ್ತಾದರೆ ಸಾವಿರ ಜಾನ್‌ಗಳು ಐದಾರು ಜನಕ್ಕೆ ಇಳಿಯುತ್ತಾರೆ.

ಅದಕ್ಕೆ ಬೀಗರ ಮನೆಯ ಹಿರಿಯರಿಂದ ಶುರು ಮಾಡಿ. ಅವರ ಅಜ್ಜ ಎಲ್ಲಿ ತೀರಿಕೊಂಡರು, ಯಾವ ಚರ್ಚಿಗೆ ಹೋಗುತ್ತಿದ್ದರು, ಎಲ್ಲಿ ಮಣ್ಣು ಮಾಡಿದರು ಅಂತ ಕೇಳಿ. ಅಲ್ಲಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ಆಗಿದೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಇದನ್ನು ಪುಕ್ಕಟೆಯಾಗಿ ನೋಡಬಹುದು. ಆದರೆ ಎಲ್ಲ ವರ್ಷದ ಹಾಳೆಯಲ್ಲೂ ಒಂದೇ ವಿಷಯ ಇರುವುದಿಲ್ಲ. ಅಲ್ಲೇ ಬಹಳ ಜನ ಎಡವುವುದು.

1900ರ ಹಾಳೆ ಬಹಳ ಒಳ್ಳೆಯದು. ಹುಟ್ಟಿದ ತಿಂಗಳು, ವರ್ಷ, ಮದುವೆಯಾಗಿ ಎಷ್ಟು ವರ್ಷ, ಅಮೆರಿಕಕ್ಕೆ ಬಂದದ್ದು ಯಾವಾಗ ಎಲ್ಲ ಇರುತ್ತದೆ. ಹೆಂಗಸರ ಹೆಸರಿನ ಮುಂದೆ ಎರಡು ಅಂಕಿ ಅಕ್ಕಪಕ್ಕ ಕಾಣುತ್ತವೆ. ಎಷ್ಟು ಮಕ್ಕಳನ್ನು ಹೆತ್ತಳು, ಅದರಲ್ಲಿ ಎಷ್ಟು ಬದುಕಿವೆ ಅಂತ. ಅಲ್ಲಿ 9 ಮತ್ತು 5 ಎಂದಿದ್ದರೆ ನಾಲ್ಕು ಮಕ್ಕಳು ನಿಮ್ಮ ವಂಶವೃಕ್ಷದಲ್ಲಿ ಇನ್ನೂ ಬಂದಿಲ್ಲ ಎಂದೇ ಅರ್ಥ. ಅವರನ್ನೂ ಹುಡುಕಿ, ಬಿಡಬೇಡಿ. 1850ರಿಂದ 1880ರವರೆಗಿನ ಗಣತಿಗಳ ಜೊತೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಸತ್ತವರ ಪಟ್ಟಿಯನ್ನೂ ಬೇರೆಯಾಗಿ ಬರೆದಿದ್ದಾರೆ. ವಯಸ್ಸು, ತೀರಿಕೊಂಡ ತಿಂಗಳು, ಕಾರಣ ಅದರಲ್ಲಿರುತ್ತದೆ.

1880ರಲ್ಲಿ ಮೊದಲ ಸಲ ಮನೆ ಯಜಮಾನನಿಗೆ ಯಾರು ಏನಾಗಬೇಕು ಎಂದು ಬರೆದರು. ತಂದೆ, ತಾಯಿ ಹುಟ್ಟಿದ್ದು ಎಲ್ಲಿ ಎಂದೂ ಕೇಳಿದರು. 1850, 60, 70ರಲ್ಲಿ ಮನೆಯವರ ಹೆಸರಿದೆ, ಸಂಬಂಧ ಇಲ್ಲ. ಜಾನ್ ಕೆಳಗೆ ಮೇರಿ ಎಂದಿದ್ದರೆ ಹೆಂಡತಿಯೇ ಇರಬಹುದು, ವಿಧವೆಯಾದ ಅಕ್ಕನೂ ಇರಬಹುದು. ಬೇರೆ ಕಾಗದ ಸಿಗುವ ತನಕ ಪೆನ್ಸಿಲಿನಲ್ಲಿ ಬರೆದಿಡಿ. 1840 ಮತ್ತು ಅದಕ್ಕಿಂತ ಹಿಂದೆ ಯಜಮಾನನ ಹೆಸರು ಬಿಟ್ಟರೆ ಉಳಿದವರೆಲ್ಲ ಬರೀ ವಯಸ್ಸಿನ ಗುಂಪಿನ ಲೆಕ್ಕ.

ಹುಟ್ಟಿದ ಜಾಗದ ಅಂಕಣವನ್ನು ನಿಧಾನವಾಗಿ ಓದಿ. ಜರ್ಮನಿ ಒಂದೇ ದೇಶ ಆದದ್ದು 1871ರಲ್ಲಿ. ಅದಕ್ಕಿಂತ ಮುಂಚಿನ ಹಾಳೆಗಳಲ್ಲಿ ಬಾಡೆನ್, ಬವೇರಿಯಾ, ಪ್ರಷ್ಯಾ, ವುರ್ಟೆಂಬರ್ಗ್ ಎಂದು ಬರೆದಿರುವುದು ಉಂಟು. ಅದೇ ನಿಮಗೆ ಸಿಗುವ ಮೊದಲ ಸುಳಿವು. ಪೌರತ್ವಕ್ಕೆ ಹಾಕಿದ ಅರ್ಜಿ ಕೌಂಟಿ ಕೋರ್ಟಿನಲ್ಲಿ ಸಿಕ್ಕರೆ, 'ಬಾಡೆನ್ ಗ್ರ್ಯಾಂಡ್ ಡ್ಯೂಕರಿಗೆ ನನ್ನ ನಿಷ್ಠೆ ಬಿಡುತ್ತೇನೆ' ಎಂಬಂಥ ಸಾಲು ಇರುತ್ತದೆ. ಅಲ್ಲಿಗೆ ಯಾವ ರಾಜ್ಯದವರು ಅನ್ನುವುದು ಖಚಿತ.

ಜರ್ಮನಿಯ ಹುಟ್ಟೂರಿನ ಹೆಸರು ಮಾತ್ರ ಸರ್ಕಾರಿ ಕಾಗದದಲ್ಲಿ ಅಪರೂಪ. ಅದಕ್ಕೆ ಚರ್ಚಿಗೆ ಹೋಗಬೇಕು. ಜರ್ಮನ್ ಲೂಥರನ್, ಕ್ಯಾಥೊಲಿಕ್ ಚರ್ಚುಗಳ ಮದುವೆ, ಸಾವಿನ ಪುಸ್ತಕದಲ್ಲಿ ಪಾದ್ರಿಗಳು ಎಷ್ಟೋ ಸಲ ಹುಟ್ಟಿದ ಹಳ್ಳಿಯ ಹೆಸರನ್ನೇ ಬರೆದಿಟ್ಟಿದ್ದಾರೆ. ಹ್ಯಾಂಬರ್ಗ್ ಬಂದರಿನಿಂದ ಹಡಗು ಹತ್ತಿದ್ದರೆ 1850ರಿಂದ ಮುಂದಿನ ಪಟ್ಟಿ ಉಳಿದಿದೆ, ಕೊನೆಗೆ ಇದ್ದ ಊರೂ ಅದರಲ್ಲಿದೆ. ಬ್ರೆಮೆನ್‌ನಿಂದ ಹೊರಟವರ ಆ ಕಾಲದ ಪಟ್ಟಿಗಳು ಉಳಿದಿಲ್ಲ.

ಇನ್ನೊಂದು ದಾರಿ ಅಕ್ಕಪಕ್ಕದ ಮನೆಯವರು. ಒಂದೇ ಹಳ್ಳಿಯವರು ಒಬ್ಬರ ಹಿಂದೆ ಒಬ್ಬರು ಬಂದು ಹತ್ತಿರ ಹತ್ತಿರವೇ ಜಮೀನು ಹಿಡಿಯುತ್ತಿದ್ದರು. ನಮ್ಮಲ್ಲಿಗೆ ಬರುತ್ತಿದ್ದ ರೈತರೊಬ್ಬರು ತಮ್ಮ ಮುತ್ತಾತನ ಊರಿಗಾಗಿ ಎಲ್ಲ ಪಟ್ಟಿಗಳನ್ನೂ ಜಾಲಾಡಿದ್ದರು. ಏನೂ ಸಿಗಲಿಲ್ಲ. ಕೊನೆಗೆ ಗಣತಿಯಲ್ಲಿ ಅವರ ಎರಡು ಮನೆ ಆಚೆ ಇದ್ದ ಕಮ್ಮಾರನ ಮರಣವಾರ್ತೆ ಅಲ್ಲಿನ ಜರ್ಮನ್ ಪತ್ರಿಕೆಯಲ್ಲಿ ಸಿಕ್ಕಿತು. ಕಮ್ಮಾರನ ಹುಟ್ಟೂರು ಅದರಲ್ಲಿತ್ತು. ಆ ಹಳ್ಳಿಯ ಚರ್ಚಿನ ಪುಸ್ತಕ ತೆಗೆದು ನೋಡಿದರೆ ಇವರ ಮುತ್ತಾತನ ದೀಕ್ಷಾಸ್ನಾನವೂ ಅಲ್ಲೇ ದಾಖಲಾಗಿತ್ತು. ಹಾಗಾಗಿ ನಿಮ್ಮವರ ಹಾಳೆ ಸಿಕ್ಕಾಗ ಹಿಂದಿನ ಎರಡು, ಮುಂದಿನ ಎರಡು ಹಾಳೆಗಳನ್ನೂ ಓದಿ. ಅವರೆಲ್ಲರ ಹೆಸರು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನನ್ನ ಗಂಡನ ಮುತ್ತಾತ 1880ರಲ್ಲಿ ಪೋಲೆಂಡಿನ ಕಡೆಯಿಂದ ನ್ಯೂಯಾರ್ಕಿಗೆ ಬಂದರು. ವಲಸೆ ಬಂದವರನ್ನು ತಪಾಸಣೆ ಮಾಡುವ ಎಲಿಸ್ ದ್ವೀಪದ ಅಧಿಕಾರಿ ಬರೆಯಲು ಬಾರದೆ ಅವರ ಹೆಸರನ್ನೇ ಬದಲಿಸಿಬಿಟ್ಟ ಅಂತ ಮನೆಯಲ್ಲಿ ಹೇಳುತ್ತಾರೆ. ಹಾಗಾದರೆ ಹಳೇ ಹೆಸರು ಎಲ್ಲಿ ಸಿಗುತ್ತದೆ? ಇಂಟರ್ನೆಟ್ಟಿನಲ್ಲಿ ಯಾರೋ ಹಾಕಿದ ವಂಶವೃಕ್ಷ ಒಂದಿದೆ. ಅದನ್ನು ನಂಬಬಹುದಾ?
— ನ್ಯೂಜೆರ್ಸಿಯಿಂದ ಒಬ್ಬ ಓದುಗರು

ಉತ್ತರ: ಈ ಕಥೆ ಅಮೆರಿಕದ ಎಷ್ಟೋ ಮನೆಗಳಲ್ಲಿದೆ. ಆದರೆ ಎಲಿಸ್ ದ್ವೀಪದ ಕಚೇರಿ ತೆರೆದದ್ದೇ 1892ರ ಜನವರಿ 1ರಂದು. 1880ರಲ್ಲಿ ನ್ಯೂಯಾರ್ಕಿಗೆ ಬಂದವರು ಇಳಿಯುತ್ತಿದ್ದದ್ದು ಮ್ಯಾನ್‌ಹಟನ್ನಿನ ತುದಿಯಲ್ಲಿದ್ದ ಕ್ಯಾಸಲ್ ಗಾರ್ಡನ್ನಿನಲ್ಲಿ. ಅದು 1855ರಿಂದ 1890ರವರೆಗೆ ನಡೆಯಿತು. ಇನ್ನು ಎಲಿಸ್ ದ್ವೀಪದ ಅಧಿಕಾರಿಗಳು ಹೆಸರು ಬರೆದುಕೊಳ್ಳುತ್ತಲೂ ಇರಲಿಲ್ಲ. ಹಡಗು ಹತ್ತುವ ಬಂದರಿನಲ್ಲೇ ಕಂಪನಿಯವರು ಬರೆದ ಪಟ್ಟಿ ಅವರ ಕೈಯಲ್ಲಿರುತ್ತಿತ್ತು. ಅದನ್ನು ನೋಡಿ ಪ್ರಶ್ನೆ ಕೇಳುತ್ತಿದ್ದರು, ಅಷ್ಟೇ. ಹೆಸರು ಬದಲಾದದ್ದು ಆಮೇಲೆ. ಕಾರ್ಖಾನೆಯಲ್ಲಿ, ಮಕ್ಕಳ ಶಾಲೆಯಲ್ಲಿ, ಎಷ್ಟೋ ಸಲ ಅವರವರ ಇಷ್ಟದಿಂದಲೇ. ಹಡಗಿನ ಪಟ್ಟಿಯಲ್ಲಿ ಹಳೇ ಹೆಸರೇ ಇರುತ್ತದೆ, ಅದನ್ನೇ ಹುಡುಕಿ.

ಕಾಗುಣಿತದ ಬಗ್ಗೆ ಹಟ ಬೇಡ. ಒಂದೇ ಮನೆಯ ಹೆಸರನ್ನು ಮೂರು ಗಣತಿಯಲ್ಲಿ ಮೂರು ಥರ ಬರೆದಿರುತ್ತಾರೆ. ಹಳೇ ಗಣತಿಗಳ ಸೂಚಿ ಮಾಡಿದವರು ಇದಕ್ಕೆಂದೇ ಸೌಂಡೆಕ್ಸ್ ಎಂಬ ಪದ್ಧತಿ ಬಳಸಿದರು. ಮೊದಲ ಅಕ್ಷರ ಉಳಿಸಿಕೊಂಡು, ಆಮೇಲಿನ ವ್ಯಂಜನಗಳಿಗೆ ಅಂಕಿ ಕೊಡುವುದು. ಸ್ಮಿತ್ ಎಂದರೂ ಎಸ್ 530, ಶ್ಮಿಟ್ ಎಂದರೂ ಎಸ್ 530. ಈಗಿನ ತಾಣಗಳಲ್ಲೂ ಉಚ್ಚಾರಣೆ ಹೋಲುವ ಹೆಸರು ತೋರಿಸುವ ಅನುಕೂಲ ಇದೆ. ಅದನ್ನು ಹಾಕಿಕೊಂಡೇ ಹುಡುಕಿ.

ಯಾರೋ ಹಾಕಿದ ವಂಶವೃಕ್ಷವನ್ನು ಓದಿ, ನಕಲು ಮಾಡಬೇಡಿ. ಆನಿ ಮೂರ್ ಎಂಬ ಹುಡುಗಿಯ ವಿಷಯ ಕೇಳಿ. ಎಲಿಸ್ ದ್ವೀಪ ತೆರೆದ ದಿನ ಮೊದಲು ಒಳಗೆ ಬಂದವಳು ಅವಳು, ಐರ್ಲೆಂಡಿನ ಕಾರ್ಕ್‌ನವಳು. ಅವಳು ಮುಂದೆ ಟೆಕ್ಸಸ್ಸಿಗೆ ಹೋಗಿ ನೆಲೆಸಿದಳು ಅಂತ ಎಷ್ಟೋ ವರ್ಷ ಎಲ್ಲರೂ ನಂಬಿದ್ದರು. ಟೆಕ್ಸಸ್ಸಿನ ಆನಿ ಮೂರ್ ಹುಟ್ಟಿದ್ದು ಇಲಿನಾಯ್‌ನಲ್ಲಿ, ಅವಳು ಹಡಗಿನಲ್ಲಿ ಬಂದವಳೇ ಅಲ್ಲ ಅಂತ ವಂಶಾವಳಿ ಸಂಶೋಧಕಿ ಮೇಗನ್ ಸ್ಮೊಲೆನ್ಯಾಕ್ ಕಾಗದ ಹಿಡಿದು ತೋರಿಸಿದರು. ನಿಜವಾದ ಆನಿ ನ್ಯೂಯಾರ್ಕಿನಲ್ಲೇ ಉಳಿದು, ಅಲ್ಲೇ ಸಂಸಾರ ಮಾಡಿ, 1924ರಲ್ಲಿ ತೀರಿಕೊಂಡಿದ್ದಳು. ಇದು ಬಯಲಾದದ್ದು 2006ರಲ್ಲಿ. ಅಷ್ಟು ಹೆಸರಾದವಳ ವಿಷಯದಲ್ಲೇ ಹೀಗಾದರೆ ನಮ್ಮ ನಿಮ್ಮ ಮನೆಯವರ ಗತಿ ಏನು ಹೇಳಿ. ಒಂದೊಂದು ಹೆಸರಿಗೂ ಒಂದೊಂದು ಕಾಗದ ಇರಲೇಬೇಕು.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಅಮೆರಿಕನ್ ಅಜ್ಜಿಗೆ 88 ವರ್ಷ. ಅವರ ಮುತ್ತಾತ ಇಂಡಿಯಾನಾದ ರೆಜಿಮೆಂಟಿನಲ್ಲಿದ್ದು, ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ ಸತ್ತರಂತೆ. ಮುತ್ತಜ್ಜಿಯ ಗೋರಿಯ ಮೇಲೆ ಇಂಥವರ ಹೆಂಡತಿ ಅಂತ ಮಾತ್ರ ಕೆತ್ತಿದ್ದಾರೆ. ಮದುವೆ ದಾಖಲೆಯಿದ್ದ ಕೌಂಟಿ ಕಚೇರಿ ಸುಟ್ಟುಹೋಗಿದೆ. ಆಕೆಯ ತವರಿನ ಹೆಸರು ಗೊತ್ತಾಗಬೇಕು ಅನ್ನುವುದೊಂದೇ ಅಜ್ಜಿಯ ಆಸೆ.
— ಇಂಡಿಯಾನಾದಿಂದ ಒಬ್ಬ ಗೃಹಿಣಿ

ಉತ್ತರ: ಈ ಪತ್ರ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಯಾಕೆಂದರೆ ಇದಕ್ಕೆ ದಾರಿ ಇದೆ.

1862ರ ಜುಲೈ 14ರ ಕಾಯ್ದೆಯ ಪ್ರಕಾರ, ಉತ್ತರದ ಸೈನ್ಯದಲ್ಲಿ ಸತ್ತ ಸಿಪಾಯಿಯ ಹೆಂಡತಿಗೆ ತಿಂಗಳಿಗೆ 8 ಡಾಲರ್ ಪಿಂಚಣಿ. 1866ರಿಂದ 16 ತುಂಬದ ಒಂದೊಂದು ಮಗುವಿಗೆ ಇನ್ನೆರಡು ಡಾಲರ್. ಆದರೆ ಸರ್ಕಾರ ಸುಮ್ನೆ ಕೊಡುತ್ತಿರಲಿಲ್ಲ. ತಾನು ಅವನ ಹೆಂಡತಿ, ಇವು ಅವನದೇ ಮಕ್ಕಳು ಅಂತ ಆಕೆ ಸಾಬೀತು ಮಾಡಬೇಕಿತ್ತು. ಆ ಬಡ ವಿಧವೆಯರು ಪಟ್ಟ ಪಾಡೇ ಇವತ್ತು ನಮಗೆ ದಾಖಲೆಯಾಗಿ ಉಳಿದಿದೆ. ಮದುವೆ ಮಾಡಿಸಿದ ಪಾದ್ರಿಯ ಪ್ರಮಾಣಪತ್ರ, ಅದು ಇಲ್ಲದಿದ್ದರೆ ಮದುವೆ ನೋಡಿದವರ ಹೇಳಿಕೆ. ಮಕ್ಕಳು ಹುಟ್ಟಿದ ತಾರೀಖಿಗೆ ಸೂಲಗಿತ್ತಿಯ ಹೇಳಿಕೆ. ಮನೆಯ ಬೈಬಲ್ಲಿನಲ್ಲಿ ಮದುವೆ, ಹುಟ್ಟು ಬರೆದಿಟ್ಟ ಹಾಳೆಯನ್ನೇ ಹರಿದು ಕಳಿಸಿದವರಿದ್ದಾರೆ. ಆ ಹಾಳೆಗಳು ಇವತ್ತಿಗೂ ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದ ಕಡತಗಳಲ್ಲಿವೆ. ಅಂಥ ಕಡತ ಓದುವಾಗ ಸಹಿ ಇರಬೇಕಾದ ಕಡೆ ಬರೀ ಒಂದು ಗುಣಾಕಾರದ ಗುರುತು ಇದ್ದರೆ ಅಲ್ಲೇ ಸ್ವಲ್ಪ ನಿಲ್ಲಿ. ಓದುಬರಹ ಬಾರದ ಹೆಂಗಸೊಬ್ಬಳು ತನ್ನ ಕೈಯಾರೆ ಹಾಕಿದ ಗುರುತು ಅದು.

ಪಿಂಚಣಿಯ ಸೂಚಿ ಫ್ಯಾಮಿಲಿಸರ್ಚ್‌ನಲ್ಲಿದೆ. ಸಿಪಾಯಿಯ ಹೆಸರು, ರೆಜಿಮೆಂಟು, ಕಂಪನಿ ಹೊಂದಿಸಿ ನೋಡಿ, ವಿಧವೆಯ ಅರ್ಜಿ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಭಂಡಾರಕ್ಕೆ ಶುಲ್ಕ ಕಟ್ಟಿ ಪೂರ್ತಿ ಕಡತ ತರಿಸಿ. ಪೂರ್ತಿ ಕಡತವೇ ಬೇಕು ಎಂದು ಕೇಳಿ, ಆಯ್ದ ಹಾಳೆಗಳು ಸಾಲುವುದಿಲ್ಲ. ಆಕೆ ಮತ್ತೆ ಮದುವೆಯಾಗಿದ್ದರೆ ಪಿಂಚಣಿ ನಿಂತುಹೋಗುತ್ತಿತ್ತು. ಆಗ ಮಕ್ಕಳ ಪರವಾಗಿ ಪೋಷಕರು ಹಾಕಿದ ಅರ್ಜಿ ಇರುತ್ತದೆ. ಅದನ್ನೂ ನೋಡಿ. ದಕ್ಷಿಣದ ಸೈನ್ಯದಲ್ಲಿದ್ದವರಿಗೆ ಇದು ಅನ್ವಯಿಸುವುದಿಲ್ಲ. ಅವರಿಗೆ ಮುಂದೆ ಪಿಂಚಣಿ ಕೊಟ್ಟದ್ದು ದಕ್ಷಿಣದ ರಾಜ್ಯಗಳು, ಕಡತ ಇರುವುದೂ ಆಯಾ ರಾಜ್ಯದಲ್ಲೇ. ಅಂದ ಹಾಗೆ, ಆ ಯುದ್ಧದ ಕೊನೆಯ ಪಿಂಚಣಿ ನಿಂತದ್ದು 2020ರಲ್ಲಿ. ಸೈನಿಕನೊಬ್ಬನ ಮಗಳಾದ ಉತ್ತರ ಕೆರೊಲಿನಾದ ಐರಿನ್ ಟ್ರಿಪ್ಲೆಟ್ ಎಂಬಾಕೆಗೆ ಅಲ್ಲಿಯವರೆಗೂ ತಿಂಗಳಿಗೆ 73 ಡಾಲರ್ 13 ಸೆಂಟ್ ಬರುತ್ತಿತ್ತು.

ಕಡತ ಬರುವ ಹೊತ್ತಿಗೆ ಇನ್ನೆರಡು ಕೆಲಸ ಮಾಡಿ. 1880ರ ಗಣತಿಯಲ್ಲಿ ಆಕೆಯ ಮಕ್ಕಳ ಮನೆಗಳನ್ನು ನೋಡಿ, ಬೇರೆ ಅಡ್ಡಹೆಸರಿನ ಅಜ್ಜಿಯೋ ಸೋದರಮಾವನೋ ಜೊತೆಗಿದ್ದರೆ ಅದು ತವರಿನ ಸುಳಿವು. ಆಕೆಯ ಮಕ್ಕಳು 1900ರ ಮೇಲೆ ತೀರಿಕೊಂಡಿದ್ದರೆ ಅವರ ಮರಣ ಪ್ರಮಾಣಪತ್ರದಲ್ಲಿ ತಾಯಿಯ ಹುಟ್ಟುಹೆಸರಿಗೆ ಜಾಗ ಇರುತ್ತದೆ. ಎಲ್ಲ ಮಕ್ಕಳದೂ ತರಿಸಿ, ಒಂದನ್ನೇ ನಂಬಬೇಡಿ. ಹೇಳಿ ಬರೆಸಿದವರು ಎಷ್ಟೋ ಸಲ ಅಳಿಯನೋ ಪಕ್ಕದ ಮನೆಯವರೋ ಆಗಿರುತ್ತಾರೆ. ಅಜ್ಜಿಗೆ 88 ಅಂದಿರಿ. ಅರ್ಜಿ ಈ ವಾರವೇ ಹಾಕಿ.

ಪ್ರಶ್ನೆ: ನನ್ನ ಅಳಿಯ ಆಫ್ರಿಕನ್ ಅಮೆರಿಕನ್. ಅವರ ಮನೆತನ ಜಾರ್ಜಿಯಾದ ಸವಾನಾ ಕಡೆಯದು. 1870ರ ಗಣತಿಯಲ್ಲಿ ಎಲ್ಲರ ಹೆಸರೂ ಸಿಕ್ಕಿತು. ಅದರ ಹಿಂದೆ ಯಾರೂ ಇಲ್ಲ. ಇಲ್ಲಿಗೆ ಮುಗಿಯಿತು ಅಂತ ಅಳಿಯ ಸುಮ್ಮನಾಗಿದ್ದಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ.
— ಅಟ್ಲಾಂಟಾದಿಂದ ಒಬ್ಬ ಮಾವ

ಉತ್ತರ: ನಿಮ್ಮ ಮನಸ್ಸು ಒಪ್ಪದೆ ಇರುವುದೇ ಸರಿ, ಸರ್. ಅವರು ಇದ್ದರು. ಗುಲಾಮಗಿರಿಯಲ್ಲಿದ್ದರು. ಬರೆದವರು ಅವರ ಹೆಸರು ಬರೆಯಲಿಲ್ಲ.

1860ರಲ್ಲಿ ಅಮೆರಿಕದಲ್ಲಿ ಸುಮಾರು 39.5 ಲಕ್ಷ ಜನ ಗುಲಾಮಗಿರಿಯಲ್ಲಿದ್ದರು. 1850 ಮತ್ತು 1860ರಲ್ಲಿ ಅವರದೇ ಒಂದು ಬೇರೆ ಪಟ್ಟಿ ಮಾಡಿದರು. ಅದರಲ್ಲಿ ಮಾಲೀಕನ ಹೆಸರಿದೆ, ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಸಾಲು ಸಾಲು ಹಾಗೇ. ಅಂತರ್ಯುದ್ಧ ಮುಗಿದು ಬಿಡುಗಡೆಯಾದವರೆಲ್ಲ ಹೆಸರು ಸಮೇತ ಗಣತಿಯಲ್ಲಿ ಬಂದದ್ದು 1870ರಲ್ಲೇ ಮೊದಲು. ಹಾಗಾಗಿ ಬಹಳ ಜನ ಅಲ್ಲೇ ನಿಂತುಬಿಡುತ್ತಾರೆ. ಆದರೆ 1865ರಿಂದ 1870ರ ನಡುವೆ ಹುಟ್ಟಿದ ಕಾಗದಗಳೇ ನಿಮಗೆ ಸೇತುವೆ.

ಮೊದಲು ಫ್ರೀಡ್‌ಮನ್ಸ್ ಬ್ಯಾಂಕ್. 1865ರಲ್ಲಿ ಬಿಡುಗಡೆಯಾದವರ ಉಳಿತಾಯಕ್ಕೆಂದು ಶುರುವಾಗಿ 1874ರಲ್ಲಿ ಮುಳುಗಿತು. ದುಡ್ಡು ಇಟ್ಟವರ ಗೋಳು ಹೇಳತೀರದು. ಆದರೆ ಖಾತೆ ತೆರೆಯುವಾಗ ಬರೆಸಿಕೊಂಡ ಪುಸ್ತಕಗಳು ಉಳಿದಿವೆ, ಸವಾನಾ ಶಾಖೆಯದ್ದೂ ಇದೆ. ಒಬ್ಬೊಬ್ಬರಿಗೂ ಒಂದು ಚೌಕ. ಹುಟ್ಟಿದ ಊರು, ಈಗಿರುವ ಊರು, ಕಸುಬು, ಗಂಡ ಅಥವಾ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ. ಹಳೆಯ ಚೌಕಗಳಲ್ಲಿ ಮಾಲೀಕ ಯಾರು, ತೋಟ ಯಾವುದು ಎಂದೂ ಕೇಳಿದ್ದಾರೆ. ಕೆಲವರು ಮಾರಾಟವಾಗಿ ದೂರ ಹೋದ ಅಕ್ಕನ ಹೆಸರನ್ನೂ ಹೇಳಿ ಬರೆಸಿದ್ದಾರೆ. ಬ್ಯಾಂಕಿಗೆ ಆ ಅಕ್ಕನಿಂದ ಏನೂ ಆಗಬೇಕಿರಲಿಲ್ಲ. ಆದರೂ ಹೇಳಿದರು. ಈ ಪುಸ್ತಕಗಳಲ್ಲಿ 4.8 ಲಕ್ಷಕ್ಕೂ ಜಾಸ್ತಿ ಹೆಸರುಗಳಿವೆ, ಫ್ಯಾಮಿಲಿಸರ್ಚ್‌ನಲ್ಲಿ ಹುಡುಕಬಹುದು.

ಎರಡನೆಯದು ಫ್ರೀಡ್‌ಮೆನ್ಸ್ ಬ್ಯೂರೋ. 1865ರಿಂದ 1872ರವರೆಗೆ ಇದ್ದ ಸರ್ಕಾರಿ ಇಲಾಖೆ. ಕೂಲಿ ಕರಾರು, ಪಡಿತರದ ಪಟ್ಟಿ, ಮದುವೆ ನೋಂದಣಿ, ಅಹವಾಲು ಎಲ್ಲ ಇದೆ. ಕೂಲಿ ಕರಾರು ತಪ್ಪದೆ ನೋಡಿ. ಬಿಡುಗಡೆಯಾದ ಮೇಲೂ ಎಷ್ಟೋ ಜನ ಮೊದಲ ವರ್ಷ ಅದೇ ತೋಟದಲ್ಲೇ ಕೆಲಸಕ್ಕೆ ನಿಂತರು. ಕರಾರು ಬರೆಸಿಕೊಂಡವನೇ ಹಳೇ ಮಾಲೀಕ ಇರಬಹುದು. ಜಾರ್ಜಿಯಾದಲ್ಲಿ 1867ರಲ್ಲಿ ಮತದಾರರ ನೋಂದಣಿ ಆಯಿತು. 21 ದಾಟಿದ ಕರಿಯ ಗಂಡಸರ ಹೆಸರೂ ಅದರಲ್ಲಿದೆ. ಮನೆಯವರಲ್ಲಿ ಯಾರಾದರೂ ಉತ್ತರದ ಸೈನ್ಯದ ಕರಿಯರ ರೆಜಿಮೆಂಟುಗಳಲ್ಲಿದ್ದರೆ, ಮೇಲೆ ಹೇಳಿದ ಪಿಂಚಣಿ ಕಡತ ಅವರಿಗೂ ಇರುತ್ತದೆ. ಗುಲಾಮಗಿರಿಯಲ್ಲಿ ಮದುವೆಗೆ ಕಾನೂನಿನ ಬೆಲೆ ಇರಲಿಲ್ಲ, ಕಾಗದವೂ ಇರಲಿಲ್ಲ. ಆದ್ದರಿಂದ ಜೊತೆಯಲ್ಲಿ ಬೆಳೆದವರೇ ಬಂದು ಸಾಕ್ಷಿ ಹೇಳಿದ್ದಾರೆ. ಆ ಸಾಕ್ಷಿಗಳಲ್ಲಿ ಇಡೀ ಸಂಸಾರದ ಕಥೆಯೇ ಇರುವುದುಂಟು.

ಅಡ್ಡಹೆಸರು ಮಾಲೀಕನದ್ದೇ ಅಂತ ತಿಳಿಯಬೇಡಿ. ಮೊದಲಿನ ಮಾಲೀಕನದ್ದಿರಬಹುದು, ಅಪ್ಪನದ್ದಿರಬಹುದು, ತಾವೇ ಆರಿಸಿಕೊಂಡದ್ದಿರಬಹುದು. 1870ರ ಹಾಳೆಯ ಅಕ್ಕಪಕ್ಕದ ದೊಡ್ಡ ಜಮೀನುದಾರರನ್ನು ಗುರುತು ಮಾಡಿ. 1860ರ ಪಟ್ಟಿಯಲ್ಲಿ ಅವರ ಹೆಸರಿನ ಕೆಳಗಿನ ವಯಸ್ಸುಗಳನ್ನು ನಿಮ್ಮವರ ವಯಸ್ಸಿನ ಜೊತೆ ಹೊಂದಿಸಿ. ಹೊಂದಿದರೆ ಆ ಮಾಲೀಕನ ವಿಲ್ಲು, ಆಸ್ತಿ ಪಟ್ಟಿ ಹುಡುಕಿ. ಅವನು ಸತ್ತಾಗ ಕೌಂಟಿಗೆ ಕೊಟ್ಟ ಪಟ್ಟಿಯಲ್ಲಿ ಹೆಸರುಗಳು ಇರುತ್ತವೆ. ಕುದುರೆ, ಮಂಚ, ನೇಗಿಲು ಬರೆದ ಹಾಳೆಯಲ್ಲೇ ಮನುಷ್ಯರ ಹೆಸರು, ಮುಂದೆ ಡಾಲರ್. ನಮ್ಮ ಮೇಜಿನ ಹತ್ತಿರ ಅಂಥ ಹಾಳೆ ನೋಡಿ ಎದ್ದುಹೋದವರನ್ನು ಕಂಡಿದ್ದೇನೆ. ಮರುದಿನ ಬಂದು ಪೂರ್ತಿ ಓದಿದವರನ್ನೂ ಕಂಡಿದ್ದೇನೆ. ನಿಮ್ಮ ಅಳಿಯನನ್ನು ಬಲವಂತ ಮಾಡಬೇಡಿ. ನೀವು ಹುಡುಕಿ, ಸಿಕ್ಕಿದ್ದನ್ನು ಜೋಡಿಸಿ ಇಡಿ. ಅವರು ಕೇಳಿದ ದಿನ ಕೊಡಿ.

ಪ್ರಶ್ನೆ: ಕ್ಲೀವ್‌ಲೆಂಡಿನ ಒಂದು ಕುಟುಂಬ 1880ರ ಗಣತಿಯಲ್ಲಿದೆ, 1900ರದ್ದರಲ್ಲೂ ಇದೆ. ಆದರೆ 1900ರಲ್ಲಿ ಗಂಡ ಕಾಣುವುದಿಲ್ಲ, ಮನೆಯೂ ಬೇರೆ. ನಡುವಿನ 1890ರ ಗಣತಿ ಎಷ್ಟು ಹುಡುಕಿದರೂ ಸಿಗಲಿಲ್ಲ.
— ಒಬ್ಬ ವಿದ್ಯಾರ್ಥಿನಿ

ಉತ್ತರ: ಸಿಗುವುದಿಲ್ಲಮ್ಮ, ಹುಡುಕಬೇಡ. 1921ರ ಜನವರಿ 10ರಂದು ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ನೆಲಮಾಳಿಗೆಯಲ್ಲಿದ್ದ ಆ ಹಾಳೆಗಳು ಬೆಂಕಿಗೆ ಒಂದಿಷ್ಟು, ನೀರಿಗೆ ಒಂದಿಷ್ಟು ಹಾಳಾದವು. ಉಳಿದದ್ದನ್ನೂ 1930ರ ದಶಕದಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು ನಾಶ ಮಾಡಿದರು. ಈಗ ಉಳಿದಿರುವುದು ಆರು ಸಾವಿರ ಚಿಲ್ಲರೆ ಹೆಸರು ಮಾತ್ರ.

ನಗರದ ಡೈರೆಕ್ಟರಿ ನೋಡು. ವರ್ಷ ವರ್ಷ ಅಚ್ಚಾಗುತ್ತಿತ್ತು. ಹೆಸರು, ಕಸುಬು, ಮನೆ ವಿಳಾಸ ಇರುತ್ತದೆ. ಗಂಡ ಇರುವ ಕೊನೆಯ ವರ್ಷ ಯಾವುದು, ಹೆಂಡತಿಯ ಹೆಸರಿನ ಮುಂದೆ ವಿಧವೆ ಎಂದು ಬಂದ ಮೊದಲ ವರ್ಷ ಯಾವುದು ಅಂತ ನೋಡಿದರೆ ಅವರು ತೀರಿಕೊಂಡ ಕಾಲ ಹೆಚ್ಚುಕಮ್ಮಿ ತಿಳಿಯುತ್ತದೆ. ಹೆಂಡತಿಯನ್ನು ಬಿಟ್ಟುಹೋದ ಗಂಡಸರ ಹೆಂಡತಿಯರೂ ವಿಧವೆ ಅಂತಲೇ ಬರೆಸುತ್ತಿದ್ದದ್ದು ಉಂಟು. ಹಾಗಾಗಿ ಆ ಎರಡು ವರ್ಷಗಳ ಮರಣ ದಾಖಲೆ, ಸ್ಮಶಾನದ ಪುಸ್ತಕ ಎರಡನ್ನೂ ನೋಡಿಯೇ ಬರೆದುಕೋ.

ಮುಂದಿನ ಸಂಚಿಕೆಗೆ ಪತ್ರ ಬರೆಯುವವರು ರಾಜ್ಯ, ಕೌಂಟಿ, ಸುಮಾರು ಇಸವಿ ಮೂರನ್ನೂ ತಿಳಿಸಿ. ಈಗಾಗಲೇ ಏನೇನು ನೋಡಿದ್ದೀರಿ ಎಂದೂ ಬರೆಯಿರಿ. ಬದುಕಿರುವವರ ಹೆಸರು, ಹುಟ್ಟಿದ ತಾರೀಖು ಮಾತ್ರ ಕಳಿಸಬೇಡಿ.